ಏಳು ಅಂಕಿಗಳ ಭಾರ



ಕುಕ್ಕರ್ ಮೂರನೇ ಸೀಟಿ ಹೊಡೆಯುತ್ತಿತ್ತು. ಕಿವಿಯಲ್ಲಿ ಫೋನು, ಕೈಯಲ್ಲಿ ಸೌಟು. ಮಗ ಒಂದು ಕಾಗದ ಚಾಚಿ, "ಅಮ್ಮಾ, ಇಲ್ಲಿ ಸಹಿ" ಅಂದ. ಹಾಕಿಬಿಟ್ಟೆ. ಅದು ಮೂರು ದಿನದ ಪ್ರವಾಸಕ್ಕೆ ಒಪ್ಪಿಗೆ ಪತ್ರ ಎಂದು ಗೊತ್ತಾದದ್ದು ಸಂಜೆಗೆ.

ತಲೆ ತುಂಬಿದ್ದಾಗ ಹೀಗೇಕೆ ಆಗುತ್ತದೆ? 1999ರಲ್ಲಿ ಬಾಬಾ ಶಿವ್ ಮತ್ತು ಅಲೆಕ್ಸಾಂಡರ್ ಫೆಡೊರಿಖಿನ್ ಎಂಬ ಸಂಶೋಧಕರು ಅಮೆರಿಕದಲ್ಲಿ ನಡೆಸಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವರಿಗೆ ಎರಡಂಕಿಯ ಸಂಖ್ಯೆ, ಉಳಿದವರಿಗೆ ಏಳಂಕಿಯದು. ಅದನ್ನು ನೆನಪಿಟ್ಟುಕೊಂಡು ಇನ್ನೊಂದು ಕೋಣೆಗೆ ಹೋಗಿ ಒಪ್ಪಿಸಬೇಕು. ನಡುವೆ ಒಂದು ತಿನಿಸು ಆರಿಸಿಕೊಳ್ಳಬೇಕು: ಚಾಕೊಲೇಟ್ ಕೇಕೋ, ಹಣ್ಣಿನ ಸಲಾಡೋ? ತಿನಿಸು ಕಣ್ಣೆದುರೇ ಇದ್ದಾಗ, ಏಳಂಕಿ ಹೊತ್ತವರು ಹೆಚ್ಚಾಗಿ ಕೇಕಿಗೇ ಕೈಹಾಕಿದರು.

ಬರೀ ಏಳು ಅಂಕಿ, ಸ್ವಾಮಿ! ಆ ಕ್ಷಣಕ್ಕೆ ಬೇಕಾದ್ದನ್ನು ಹಿಡಿದಿಡುವ ನಮ್ಮ ನೆನಪಿನ ಜಾಗ ಬಹಳ ಚಿಕ್ಕದು. ಹಿಂದುಮುಂದು ಯೋಚಿಸುವುದಕ್ಕೂ ಅದೇ ಜಾಗ ಬೇಕು. ಅದು ತುಂಬಿದಾಗ ಬುದ್ಧಿ ಹೊರಗೇ ನಿಲ್ಲುತ್ತದೆ, ಆಸೆ ಮುಂದೆ ನುಗ್ಗುತ್ತದೆ. ಇಡೀ ಸಂಸಾರದ ಲೆಕ್ಕ ತಲೆಯಲ್ಲಿ ಹೊತ್ತವರನ್ನು "ಅಷ್ಟೂ ಗೊತ್ತಾಗಲಿಲ್ವಾ?" ಎಂದು ಗದರುವುದು ಅನ್ಯಾಯವೆಂದೇ ನನಗನ್ನಿಸುತ್ತದೆ.

ಈಗ ನಮ್ಮ ಮನೆಯಲ್ಲಿ ಸಹಿಯ ಕಾಗದಗಳು ಫ್ರಿಜ್ ಮೇಲೆ ಕಾಯುತ್ತವೆ. ರಾತ್ರಿ ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು ಓದುತ್ತೇನೆ. ಮಗ ಪಕ್ಕದಲ್ಲಿ ಪೆನ್ನು ಹಿಡಿದು ಕೂತಿರುತ್ತಾನೆ.