ಹೊರಗೆ ಉರ್ದು ಫಲಕ, ಒಳಗೆ ಕನ್ನಡ

ಔರಾದ್ ಸೀಮೆಯ ಕಮಲನಗರದಲ್ಲಿ 1890ರಲ್ಲಿ ಹುಟ್ಟಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು, ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಅಕ್ಷರದ ಜೊತೆಗೆ ಮಕ್ಕಳಿಗೆ ದಕ್ಕಿದ್ದು, ‘ನಮ್ಮನಿ ಮಾತಿಗೂ ಬೆಲಿ ಅದ’ ಎಂಬ ಧೈರ್ಯ.

ಆ ಧೈರ್ಯ ಇವತ್ತು ಎಲ್ಲ ಮಕ್ಕಳಿಗೂ ಸಿಗುತ್ತಿದೆಯೇ? ಇವತ್ತಿನ ಔರಾದಿನ ತರಗತಿಯೊಂದನ್ನು ನೆನೆಸಿಕೊಳ್ಳಿ. ಮನೆಯಲ್ಲಿ ಮರಾಠಿಯೋ ಲಂಬಾಣಿಯೋ ಆಡುವ ಹುಡುಗಿ ಕನ್ನಡದಲ್ಲಿ ತಡವರಿಸಿದರೆ ಹಿಂದಿನ ಬೆಂಚು ಕಿಸಕ್ಕನೆ ನಗುತ್ತದೆ. ಮಾರನೇ ದಿನದಿಂದ ಅವಳು ಕೈ ಎತ್ತುವುದಿಲ್ಲ. ಪ್ರಬಂಧವನ್ನು ಗೈಡ್ ನೋಡಿ ಇಳಿಸುತ್ತಾಳೆ. ನಾವೋ, ‘ಸ್ವಂತಿಕೆ ಸಾಲದು’ ಎಂದು ಷರಾ ಬರೆಯುತ್ತೇವೆ! ನಗು ಅವಳ ಬಾಯಿ ಕಟ್ಟಿತೇ ಹೊರತು ಬುದ್ಧಿಯನ್ನಲ್ಲ.

‘ನಿಮ್ಮ ಆಯಿ ಹೇಳೂ ಕಥಿ ನಿನ್ನ ಮಾತಿನ್ಯಾಗೇ ಹೇಳವ್ವಾ, ಆಮ್ಯಾಲ ಕನ್ನಡದಾಗ ಬರಿಯೋಣು’ ಅಂದು ನೋಡಿ. ಬೀದರಿನ ಗುರುಗಳೇ, ಇದು ಇವತ್ತಿನ ಮೊದಲ ಪೀರಿಯಡ್ಡಿನಲ್ಲೇ ಆಗಬಹುದು.