ಖಾಲಿ ಮರಳುವ ಲಾರಿ, ಖಾಲಿ ಮರಳುವ ವಿಮಾನ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಿಂದ ಮಾವು ತುಂಬಿಕೊಂಡು ಹೋದ ಲಾರಿ ಬರಿದಾಗಿ ಮರಳುವುದನ್ನು ಯಾವ ರೈತನೂ ಒಪ್ಪಲಾರ. ಮರಳುವ ದಾರಿಯಲ್ಲಿ ಗೊಬ್ಬರವನ್ನೋ ಹಿಂಡಿಯನ್ನೋ ಕಡಿಮೆ ಬಾಡಿಗೆಗೆ ತರಿಸುತ್ತಾನೆ. ಇದು ಜಾಣತನ ಮಾತ್ರವಲ್ಲ, ಪರಿಸರಕ್ಕೂ ಹಿತ. ಏಕೆಂದರೆ ಆ ಗೊಬ್ಬರಕ್ಕಾಗಿಯೇ ಇನ್ನೊಂದು ಲಾರಿ ಓಡುವುದು ತಪ್ಪುತ್ತದೆ.

ಇದೇ ತರ್ಕವನ್ನು ಮುಂದಿಟ್ಟು ಆಕಾಶದಲ್ಲಿಯೂ ಒಂದು ವ್ಯಾಪಾರ ನಡೆದಿದೆ. ಬಾಡಿಗೆಯ ಖಾಸಗಿ ಜೆಟ್ ಸಿರಿವಂತರನ್ನು ಬೆಂಗಳೂರಿನಿಂದ ಮುಂಬಯಿಗೆ ತಲುಪಿಸಿ ಬರಿದಾಗಿ ಮರಳುತ್ತದೆ. ಈ ಖಾಲಿ ಹಾರಾಟಕ್ಕೆ ‘ಎಂಪ್ಟಿ ಲೆಗ್’ ಎಂದು ಹೆಸರು. ಖಾಸಗಿ ಜೆಟ್‌ಗಳ ಹಾರಾಟಗಳಲ್ಲಿ ನೂರಕ್ಕೆ ಸುಮಾರು 40 ಇಂಥವೇ ಎಂಬ ಅಂದಾಜಿದೆ. ಇವುಗಳನ್ನು ದೊಡ್ಡ ರಿಯಾಯಿತಿಯಲ್ಲಿ, ಕೆಲವೊಮ್ಮೆ ಅರ್ಧಕ್ಕಿಂತ ಕಡಿಮೆ ಬೆಲೆಗೆ ಮಾರುತ್ತಾರೆ. ಕೊಳ್ಳುವವರು ದಿನವನ್ನಾಗಲಿ ದಾರಿಯನ್ನಾಗಲಿ ತಾವು ನಿರ್ಧರಿಸುವಂತಿಲ್ಲ. ಮೊದಲ ಗಿರಾಕಿ ಮನಸ್ಸು ಬದಲಿಸಿದರೆ ಹಾರಾಟವೇ ರದ್ದಾಗಬಹುದು. ಆದರೂ ಗಿರಾಕಿಗಳಿದ್ದಾರೆ. “ಹೇಗೂ ಹಾರುವ ವಿಮಾನ, ಏರಿದರೆ ದೋಷವೇನು?” ಎಂಬುದು ಅವರ ಸಮಾಧಾನ.

ಆ ಒಂದು ಪ್ರಯಾಣದಿಂದ ಹೆಚ್ಚುವ ಇಂಧನ ಅಲ್ಪವೆಂಬುದು ನಿಜ. ದೋಷವಿರುವುದು ಮುಂದಿನ ಲೆಕ್ಕದಲ್ಲಿ. ಮರಳುವ ಲಾರಿ ಹೊತ್ತು ತರುವುದು ಹೇಗೂ ಬರಲೇಬೇಕಾದ ಸರಕನ್ನು. ಮರಳುವ ಜೆಟ್ ಕರೆದೊಯ್ಯುವುದು ರೈಲಿನಲ್ಲಿಯೋ ಸಾಮಾನ್ಯ ವಿಮಾನದಲ್ಲಿಯೋ ಹೋಗಬಹುದಾಗಿದ್ದವರನ್ನು, ಅಥವಾ ಅಗ್ಗವೆಂಬ ಕಾರಣಕ್ಕೇ ಹೊರಟವರನ್ನು. ಅದರಿಂದ ಇನ್ನೊಂದು ಜೆಟ್ ನೆಲದಲ್ಲಿ ಉಳಿಯುವುದಿಲ್ಲ. ಬದಲಾಗಿ ಖಾಲಿ ಹಾರಾಟದ ನಷ್ಟ ತುಂಬಿ ಬರುವುದರಿಂದ ಮಾಲೀಕನ ಕೈ ಬಲವಾಗುತ್ತದೆ, ಬಾಡಿಗೆ ಇಳಿಸಲು ಆಸ್ಪದವಾಗುತ್ತದೆ, ಹಾರಾಟಗಳು ಹೆಚ್ಚುತ್ತವೆ. ಇಂದಿನ ರಿಯಾಯಿತಿ ನಾಳಿನ ಹಾರಾಟಕ್ಕೆ ಬಿತ್ತಿದ ಬೀಜ.

2024ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದ ಪ್ರಕಾರ, 2023ರಲ್ಲಿ ಜಗತ್ತಿನ ಖಾಸಗಿ ವಿಮಾನಗಳು ಕನಿಷ್ಠ 1.56 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಉಗುಳಿದವು. ಇದು 2019ಕ್ಕಿಂತ ಶೇ. 46ರಷ್ಟು ಅಧಿಕ. ಅರ್ಧದಷ್ಟು ಹಾರಾಟಗಳು 500 ಕಿಲೊಮೀಟರಿಗಿಂತ ಕಡಿಮೆ ದೂರದವು. ಸರಾಸರಿ ಒಂದು ಹಾರಾಟಕ್ಕೆ 3.6 ಟನ್. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೊ ಹೊರಬೀಳುತ್ತದೆ. ಅಂದರೆ ಒಂದು ಹಾರಾಟ ಟ್ರ್ಯಾಕ್ಟರಿನ 1,300 ಲೀಟರ್ ಡೀಸೆಲ್‌ಗೆ ಸಮಾನ.

ಇದರ ಹೊರೆ ಬೀಳುವುದು ಜೆಟ್ ಏರದವರ ಮೇಲೆ. ಶಾಖ ಏರಿದರೆ ರೇಷ್ಮೆಹುಳು ಸೊರಗುತ್ತದೆ, ಗೂಡಿನ ಗುಣಮಟ್ಟ ಕುಸಿಯುತ್ತದೆ. ಅಕಾಲದ ಮಳೆಗೆ ಮಾವಿನ ಹೂವು ಉದುರುತ್ತದೆ. ಗೂಡಿನ ಮಾರುಕಟ್ಟೆಯಲ್ಲಿ ಅದಕ್ಕೆ ರಿಯಾಯಿತಿ ಕೊಡಬೇಕಾದವನು ರೈತನೇ.

ಹೊರೆ ಗಾಳಿಯದು ಮಾತ್ರವಲ್ಲ, ನೆಲದ್ದೂ ಹೌದು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾದ ಮೇಲೂ ಎಚ್‌ಎಎಲ್ ನಿಲ್ದಾಣ ಖಾಸಗಿ ಜೆಟ್‌ಗಳಿಗೆ ತೆರೆದೇ ಉಳಿಯಿತು. ಬೆಂಗಳೂರಿಗೆ ಮತ್ತೊಂದು ನಿಲ್ದಾಣ ಬೇಕೆಂದು ಸರ್ಕಾರ 2025ರಲ್ಲಿ ಗುರುತಿಸಿದ ಮೂರು ಸ್ಥಳಗಳಲ್ಲಿ ಎರಡು ಕನಕಪುರ ರಸ್ತೆಯಲ್ಲಿವೆ. ಹಾರಾಟ ಹೆಚ್ಚಿದಂತೆ ನಿಲ್ದಾಣದ ಬೇಡಿಕೆಯೂ, ಅದಕ್ಕೆ ಹೊಲ, ಕೆರೆ, ಗೋಮಾಳಗಳ ಮೇಲಿನ ಒತ್ತಡವೂ ಹೆಚ್ಚುತ್ತವೆ.

ಆದುದರಿಂದ ‘ವ್ಯರ್ಥವಾಗುವುದನ್ನು ಬಳಸುತ್ತಿದ್ದೇವೆ’ ಎಂದು ಯಾರು ಹೇಳಿದರೂ, ಗ್ರಾಮಸಭೆಯಲ್ಲಾಗಲಿ ತರಗತಿಯಲ್ಲಾಗಲಿ, ಒಂದು ಪ್ರಶ್ನೆ ಕೇಳಿರಿ: ಇದರಿಂದ ಯಾವ ವಾಹನ ಓಡುವುದು ತಪ್ಪಿತು? ಲಾರಿಯ ರೈತನಲ್ಲಿ ಅದಕ್ಕೆ ಉತ್ತರವಿದೆ. ಜೆಟ್ ಮಾರುವವನಲ್ಲಿ ಇಲ್ಲ.