ಬೋರ್ಡು ಬರೆಯುವ ಯಂತ್ರಕ್ಕೆ ಊರು ಗೊತ್ತಿಲ್ಲ
(ಯುವ ತಂತ್ರಜ್ಞರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮೆಜೆಸ್ಟಿಕ್ಕಿನಲ್ಲಿ ಒಂದು ಬಸ್ಸು ನಿಂತಿದೆ ಎಂದುಕೊಳ್ಳಿ. ಬೋರ್ಡಿಲ್ಲ. ಬೋರ್ಡು ಬರೆಯಲು ಒಂದು ಯಂತ್ರ ತಂದಿದ್ದಾರೆ. ಯಂತ್ರ ಬಸ್ಸಿಗೆ ಒಂದು ಪ್ರದಕ್ಷಿಣೆ ಹಾಕಿ, ಮೇಲೆ ಕೆಳಗೆ ಅಳೆದು, ದುಂಡಗೆ ಬರೆದು ನೇತುಹಾಕಿತು: "ಚಕ್ರ ಆರು, ಸೀಟು ನಲವತ್ತು, ಬಾಗಿಲು ಎರಡು." ಒಂದಕ್ಷರವೂ ಸುಳ್ಳಲ್ಲ! ಆದರೆ ಈ ಬಸ್ಸು ಹೋಗುವುದು ಬನಶಂಕರಿಗೋ ಯಲಹಂಕಕ್ಕೋ? ಅದನ್ನು ಡ್ರೈವರನ್ನೇ ಕೇಳಬೇಕು.

ನಗಬೇಡಿ. ನಿಮ್ಮಲ್ಲಿ ಎಷ್ಟೋ ಮಂದಿ ಹಗಲೆಲ್ಲ ಕಂಪನಿಗಳಲ್ಲಿ ಕೂತು ಇಂಥ ಬೋರ್ಡುಗಳನ್ನೇ ಬರೆಸುತ್ತಿದ್ದೀರಿ.

ಈ ವಿಷಯಕ್ಕೆ ಹೊಸಬರಾದವರಿಗೆ ಎರಡು ಮಾತು. ಒಂದು ಕಚೇರಿಯ ಗಣಕ ಇನ್ನೊಂದು ಕಚೇರಿಯ ಗಣಕದಿಂದ ಅಂತರ್ಜಾಲದ ಮೂಲಕ ಕೆಲಸ ಮಾಡಿಸಿಕೊಳ್ಳುವುದಕ್ಕೆ ವೆಬ್ ಸರ್ವೀಸ್ ಎನ್ನುತ್ತಾರೆ. ಏನು ಕೇಳಬೇಕು, ಯಾವ ರೂಪದಲ್ಲಿ ಕೇಳಬೇಕು, ಏನು ಉತ್ತರ ಬರುತ್ತದೆ ಎಂಬುದು ಕೇಳುವವನಿಗೆ ಗೊತ್ತಿರಬೇಕಲ್ಲವೆ? ಅದನ್ನು ಬರೆದಿಡುವ ವಿವರಣಾ ಪತ್ರವೇ ಡಬ್ಲ್ಯೂಎಸ್‌ಡಿಎಲ್. ಅರಿಬಾ, ಐಬಿಎಂ, ಮೈಕ್ರೋಸಾಫ್ಟ್ ಸೇರಿ 2001ರಲ್ಲಿ ಇದರ 1.1ನೇ ಆವೃತ್ತಿಯನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಮುಂದಿಟ್ಟವು. ಕೈಯಲ್ಲಿ ಬರೆಯಲು ಹೋದರೆ ಬೆರಳು ಸವೆಯುವಷ್ಟು ಎಕ್ಸ್‌ಎಂಎಲ್. ಹಾಗಾಗಿ ಜಾವಾ ಲೋಕದಲ್ಲಿ ಅಪಾಚೆ ಆಕ್ಸಿಸ್‌ನ ಜಾವಾ2ಡಬ್ಲ್ಯೂಎಸ್‌ಡಿಎಲ್ ಬಂತು. ಆಮೇಲೆ ಜೆಡಿಕೆ 6ರ ಜೊತೆಗೇ ಡಬ್ಲ್ಯೂಎಸ್‌ಜೆನ್ ಬಂತು, 2018ರಲ್ಲಿ ಜೆಡಿಕೆ 11ರಿಂದ ಹೊರಬಿತ್ತು. ಇಂದು ಹೊಸ ಕೆಲಸಗಳಲ್ಲಿ ಹೆಚ್ಚಾಗಿ ಓಪನ್‌ಎಪಿಐ ಬಳಸುತ್ತಾರೆ. ಹೆಸರು ಬದಲಾಯಿತು, ಆಸೆ ಬದಲಾಗಲಿಲ್ಲ: ಕೋಡು ಹೇಗೂ ಇದೆ, ವಿವರಣೆಯನ್ನು ಯಂತ್ರವೇ ಬರೆದುಕೊಡಲಿ!

ಯಂತ್ರ ಬರೆಯುವುದು ಹೇಗೆ? ಕಂಪೈಲ್ ಆದ ಜಾವಾ ಕ್ಲಾಸನ್ನು ಬಿಚ್ಚಿ ನೋಡುತ್ತದೆ. ಅಲ್ಲಿ ಮೆಥಡ್ಡಿನ ಹೆಸರಿದೆ, ಏನು ಕೊಡಬೇಕು ಎಂಬುದರ ಜಾತಿ ಇದೆ (ಸಂಖ್ಯೆಯೋ, ಅಕ್ಷರಮಾಲೆಯೋ), ಉತ್ತರದ ಜಾತಿಯೂ ಇದೆ. ಆದರೆ ನೀವು ಪ್ರೀತಿಯಿಂದ ಬರೆದ ಕಾಮೆಂಟು? ಕಂಪೈಲ್ ಆದ ಕ್ಷಣವೇ ಮಾಯ. ನೀವು ಇಟ್ಟ ಹೆಸರುಗಳು? ಡೀಬಗ್ ಮಾಹಿತಿ ಸೇರಿಸದೆ ಕಂಪೈಲ್ ಮಾಡಿದ್ದರೆ ಅವೂ ಇಲ್ಲ. ಆಗ ಆಕ್ಸಿಸ್ ತಾನೇ ನಾಮಕರಣ ಮಾಡುತ್ತಿತ್ತು: ಇನ್0, ಇನ್1, ಇನ್2. ಜಾಕ್ಸ್‌ಡಬ್ಲ್ಯೂಎಸ್‌ನಲ್ಲಿ ಆರ್ಗ್0, ಆರ್ಗ್1. ಕೈದಿಗಳಿಗೆ ನಂಬರು ಕೊಟ್ಟಂತೆ!

ಇದರಿಂದ ಏನಾಗುತ್ತದೆ? ನಾನೇ ಕಂಡದ್ದು ಹೇಳುತ್ತೇನೆ. ಒಂದು ಕಡೆ ಅರ್ಜಿದಾರನ ಹೆಸರು, ತಂದೆಯ ಹೆಸರು, ಊರು ಮೂರನ್ನೂ ಕಳಿಸುವ ಸರ್ವೀಸ್ ಇತ್ತು. ಮೂರೂ ಅಕ್ಷರಮಾಲೆ. ವಿವರಣೆಯಲ್ಲಿ ಇನ್0, ಇನ್1, ಇನ್2. ಆ ಕಡೆಯ ಹುಡುಗ ಊಹೆ ಮಾಡಿ ಮೊದಲೆರಡನ್ನು ಅದಲು ಬದಲು ಕಳಿಸಿದ. ಯಂತ್ರ ತಕರಾರು ಮಾಡಲಿಲ್ಲ. ಯಾಕೆ ಮಾಡೀತು? ಅಕ್ಷರಮಾಲೆ ಕೇಳಿತ್ತು, ಅಕ್ಷರಮಾಲೆ ಬಂತು. ಎರಡು ವಾರ ಅಪ್ಪಂದಿರೇ ಅರ್ಜಿದಾರರಾದರು, ಮಕ್ಕಳು ಅವರಿಗೆ ಅಪ್ಪಂದಿರಾದರು. ಆ ಹುಡುಗನನ್ನು ಬೈದರು. ಬೋರ್ಡು ಬರೆಸಿದವರಲ್ಲಿ ನಾನೂ ಒಬ್ಬ. ನನ್ನನ್ನು ಯಾರೂ ಬೈಯಲಿಲ್ಲ.

ಮದ್ದು ಇದೆ. ವೆಬ್‌ಪ್ಯಾರಂ ಎಂಬ ಟಿಪ್ಪಣಿ ಅಂಟಿಸಿ ಹೆಸರನ್ನು ನಾವೇ ಹೇಳಬಹುದು. 2014ರ ಜಾವಾ 8ರಿಂದ ಪ್ಯಾರಾಮೀಟರ್ಸ್ ಎಂಬ ಆಯ್ಕೆ ಕೊಟ್ಟು ಕಂಪೈಲ್ ಮಾಡಿದರೆ ಹೆಸರುಗಳು ಉಳಿಯುತ್ತವೆ. ಪೈಥಾನಿನ ಫಾಸ್ಟ್‌ಎಪಿಐ ಫಂಕ್ಷನ್ನಿನೊಳಗೆ ಬರೆದ ವಿವರಣೆಯನ್ನೂ ಎತ್ತಿಕೊಳ್ಳುತ್ತದೆ. (ಅಂದಹಾಗೆ, ಜಾವಾದಲ್ಲಿ ಹೆಸರನ್ನು ಕನ್ನಡ ಲಿಪಿಯಲ್ಲೇ ಇಡಬಹುದು, ಎಕ್ಸ್‌ಎಂಎಲ್ ಕೂಡ ಒಪ್ಪುತ್ತದೆ. ಮ್ಯಾನೇಜರ್ ಒಪ್ಪುತ್ತಾರೋ ಇಲ್ಲವೋ, ಅದು ಬೇರೆ ಮಾತು.)

ಆದರೆ ಕೋಡಿನಲ್ಲೇ ಇಲ್ಲದ ಸಂಗತಿಗೆ ಏನು ಮಾಡುತ್ತೀರಿ? ಇಲ್ಲಿಂದ ಮುಂದೆ ಸ್ವಲ್ಪ ಗಮನವಿಟ್ಟು ಕೇಳಿ, ಇದು ನಮ್ಮ ಮನೆಯ ವಿಷಯ.

ಮಲ್ಲಿಕಾರ್ಜುನಯ್ಯ ಎಂಬ ಹೆಸರು ತಗೊಳ್ಳಿ. ಇಂಗ್ಲಿಷಿನಲ್ಲಿ ಬರೆದರೆ 15 ಅಕ್ಷರ, ಗಣಕದಲ್ಲಿ 15 ಬೈಟು. ಕನ್ನಡದಲ್ಲಿ ಬರೆಯಿರಿ. ನಮ್ಮ ಕಣ್ಣಿಗೆ ಕಾಣುವುದು ಆರೇ ಅಕ್ಷರ. ಯೂನಿಕೋಡ್ ಅದನ್ನು ಮೂಲಾಕ್ಷರ, ಸ್ವರಚಿಹ್ನೆ, ಒತ್ತು ಕೂಡಿಸುವ ಹಲಂತ ಎಂದು ಬಿಡಿಸಿ 15 ಸಂಕೇತಗಳಾಗಿ ಇಡುತ್ತದೆ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟು. ಒಟ್ಟು 45 ಬೈಟು!

ಈಗ ಡೇಟಾಬೇಸಿನಲ್ಲಿ ಯಾರೋ ಹೆಸರಿನ ಕಾಲಮ್ಮಿಗೆ 40 ಎಂದು ಬರೆದಿದ್ದಾರೆ. ಒರಾಕಲ್‌ನಲ್ಲಿ ಬೇರೆ ಹೇಳದಿದ್ದರೆ ಆ 40 ಅಂದರೆ 40 ಬೈಟು. ಇಂಗ್ಲಿಷ್ ಹೆಸರು ಕಾಲು ಚಾಚಿ ಮಲಗುತ್ತದೆ. ಕನ್ನಡದ ಹೆಸರು ಬಾಗಿಲಲ್ಲೇ ನಿಲ್ಲುತ್ತದೆ. ನಡುವೆ ಯಾರಾದರೂ ಅಳತೆಗೆ ಕತ್ತರಿಸಿ ಕಳಿಸಿದರೆ ಬಾಲ ಕಳೆದುಕೊಂಡು ಒಳಗೆ ಹೋಗುತ್ತದೆ. ಯಂತ್ರ ಬರೆದ ವಿವರಣೆಯಲ್ಲಿ ಏನಿದೆ? ಬರೀ "ಸ್ಟ್ರಿಂಗ್". ಕೋಡಿನಲ್ಲಿ ಅಷ್ಟೇ ಇತ್ತು. 40ರ ಮಾತು ಇದ್ದದ್ದು ಟೇಬಲ್ಲಿನಲ್ಲಿ. ಯಂತ್ರ ಅತ್ತ ತಿರುಗಿಯೂ ನೋಡಲಿಲ್ಲ.

"ಸಾರ್, ಸೈಜ್ ಟಿಪ್ಪಣಿ ಹಾಕಿ ಗರಿಷ್ಠ 40 ಎಂದರೆ ಓಪನ್‌ಎಪಿಐ ವಿವರಣೆಯಲ್ಲಿ ಮ್ಯಾಕ್ಸ್‌ಲೆಂಗ್ತ್ ಬರುತ್ತದಲ್ಲ?" ಬರುತ್ತದೆ, ಸರಿ. ಆದರೆ ಮ್ಯಾಕ್ಸ್‌ಲೆಂಗ್ತ್ ಎಣಿಸುವುದು ಸಂಕೇತಗಳನ್ನು, ಬೈಟುಗಳನ್ನಲ್ಲ. ಮಲ್ಲಿಕಾರ್ಜುನಯ್ಯನವರು 15, 40ರೊಳಗೆ ಆರಾಮಾಗಿ ಪಾಸು. ವಿವರಣೆ "ಬನ್ನಿ" ಎನ್ನುತ್ತದೆ, ಡೇಟಾಬೇಸು "ಹೋಗಿ" ಎನ್ನುತ್ತದೆ. ಟೇಬಲ್ ಬರೆಯುವಾಗಲೇ 40 ಕ್ಯಾರೆಕ್ಟರ್ ಎಂದು ಹೇಳಿ, ವಿವರಣೆಯಲ್ಲೂ ಅದೇ 40 ಇಟ್ಟರೆ ಮಾತ್ರ ಎರಡೂ ಒಂದೇ ಮಾತಾಡುತ್ತವೆ. ಇದನ್ನು ಮನುಷ್ಯನೇ ಹೇಳಬೇಕು.

ಕೋಡಿನಿಂದ ವಿವರಣೆ ತೆಗೆಯುವುದೇ ತಪ್ಪು, ವಿವರಣೆ ಮೊದಲು ಬರೆದು ಕೋಡು ಆಮೇಲೆ ಬರೆಯಬೇಕು ಎನ್ನುವ ಪಂಥವೂ ಇದೆ. ಸ್ಪ್ರಿಂಗ್ ವೆಬ್ ಸರ್ವೀಸಸ್ ಆ ದಾರಿಯೊಂದನ್ನೇ ಒಪ್ಪುತ್ತದೆ. ನಾನು ಅಷ್ಟು ಮಡಿವಂತನಲ್ಲ. ಹತ್ತು ವರ್ಷ ಓಡಿದ ಕೋಡು ಎದುರಿಗಿದ್ದಾಗ ಯಂತ್ರದ ಸಹಾಯ ಬೇಡವೆನ್ನುವುದು ಹಠವಷ್ಟೆ. ಯಂತ್ರ ಅಚ್ಚು ಹಾಕಲಿ. ನೀವು ಓದಿ, ತಿದ್ದಿ, ಆಮೇಲೆ ಬೀಗ ಹಾಕಿ. ಬೀಗ ಹಾಕದಿದ್ದರೆ ನಾಳೆ ಯಾರೋ ಒಳಗೆ ಒಂದು ಮೆಥಡ್ಡಿನ ಹೆಸರು ಬದಲಿಸುತ್ತಾರೆ, ಯಂತ್ರ ಹೊಸ ವಿವರಣೆ ಬರೆಯುತ್ತದೆ, ಹಳೆಯದನ್ನು ನಂಬಿದ ಹತ್ತು ಕಚೇರಿಗಳಲ್ಲಿ ಕೆಲಸ ನಿಲ್ಲುತ್ತದೆ.

ನಾಳೆ ಸೋಮವಾರ. ಕಚೇರಿಗೆ ಹೋಗಿ ನಿಮ್ಮದೇ ಸರ್ವೀಸಿನ ವಿವರಣೆ ತೆರೆಯಿರಿ. ಅದರಲ್ಲಿ ಎಷ್ಟು ಆರ್ಗ್0ಗಳಿವೆ, ಎಷ್ಟು ಬರೀ ಸ್ಟ್ರಿಂಗುಗಳಿವೆ, ಎಣಿಸಿ. ಆಮೇಲೆ ಪರೀಕ್ಷೆಗೆ "ಟೆಸ್ಟ್ ಯೂಸರ್" ಎಂದು ಕಳಿಸಬೇಡಿ. ನಿಮ್ಮ ಅಜ್ಜನ ಹೆಸರನ್ನು, ಕನ್ನಡದಲ್ಲಿ, ಊರಿನ ಹೆಸರೂ ಸೇರಿಸಿ ಕಳಿಸಿ. ಪೂರ್ತಿ ವಾಪಸ್ ಬರುತ್ತದೋ ನೋಡಿ. ಮುಂದಿನ ಸಭೆಗೆ ಬರುವಾಗ ಏನು ಬಂತು ಎಂದು ಬರೆದು ತನ್ನಿ.